ಹೊಳೆಗೆ ಕಟ್ಟಿದ ಹಗ್ಗ

ಹೊಳೆಯ ದಡದ ಆಶ್ರಮವೊಂದರಲ್ಲಿ ಒಬ್ಬ ಗುರುಗಳಿದ್ದರು. ವಯಸ್ಸಾಗಿ ಅವರ ಕಣ್ಣು ಮಂಜಾಗಿತ್ತು.

ಹಿರಿಯ ಶಿಷ್ಯ ಶಂಭುಲಿಂಗ ಅವರ ಕೈಹಿಡಿದು ಬೆಳಗಿನ ಸ್ನಾನಕ್ಕೆ ಇಳಿಸುತ್ತಿದ್ದ. ಒಮ್ಮೆ ಜ್ವರ ಬಂದು ಹಾಸಿಗೆ ಹಿಡಿದ. ಎದ್ದು ಬರುವಷ್ಟರಲ್ಲಿ ಆ ಕೈ ಹೊಸ ಶಿಷ್ಯ ಕೇದಾರನ ಕೈಯಲ್ಲಿತ್ತು.

"ನಾನು ಬಂದೆ, ಗುರುಗಳೇ."

"ಬಂದೆಯಾ? ಒಳ್ಳೆಯದಾಯಿತು. ಇನ್ನೂ ಸುಸ್ತಿರುತ್ತದೆ, ಕೂತುಕೋ," ಎಂದು ಗುರುಗಳು ಕೇದಾರನ ಜೊತೆ ನೀರಿಗಿಳಿದರು.

ಶಂಭುಲಿಂಗ ದಡದಲ್ಲಿ ಕೂತು ನೋಡಿದ. ಕೇದಾರ ಒಂದು ಹೆಜ್ಜೆ ಮುಂದೆ ಹೋಗಿ, ಕಾಲಿನಿಂದ ತಳದ ಮರಳು ತಡವಿ, ಆಮೇಲೆ "ಬನ್ನಿ" ಎನ್ನುತ್ತಿದ್ದ. ಗುರುಗಳು ಏನೋ ಹೇಳಿದರು. ಇಬ್ಬರೂ ನಕ್ಕರು.

ನನ್ನ ಜೊತೆ ಯಾವತ್ತಾದರೂ ಹೀಗೆ ನಕ್ಕಿದ್ದರೇ ಎಂದು ಶಂಭುಲಿಂಗ ನೆನಪು ಮಾಡಿಕೊಂಡ. ನೆನಪಾಗಲಿಲ್ಲ. ಮಧ್ಯಾಹ್ನ ಅನ್ನ ಸೇರಲಿಲ್ಲ.

"ಏನಪ್ಪಾ, ನಿನ್ನ ಕೈ ಗುರುಗಳಿಗೆ ಅಂಟಿಕೊಂಡೇಬಿಟ್ಟಿತಲ್ಲ?" ಎಂದು ಕೇದಾರನನ್ನು ಕೇಳಿದ.

"ನೀವು ಹೇಳಿದರೆ ಬಿಡುತ್ತೇನೆ, ಅಣ್ಣಾ."

"ನಾನೇಕೆ ಹೇಳಲಿ?"

ಶಂಭುಲಿಂಗ ಕತ್ತಾಳೆ ನಾರು ತಂದು ಹಗ್ಗ ಹೊಸೆಯಲು ಕೂತ. ಅಂಗೈ ಸುಲಿದರೂ ಬಿಡಲಿಲ್ಲ. ದಡದ ಮರದಿಂದ ನೀರಿನ ನಡುವಿನ ಸ್ನಾನದ ಬಂಡೆಯವರೆಗೆ ಬಿಗಿಯಾಗಿ ಕಟ್ಟಿ, ತಾನೇ ಜೋತುಬಿದ್ದು ನೋಡಿದ.

"ಆನೆ ಜಗ್ಗಿದರೂ ಕಡಿಯುವುದಿಲ್ಲ, ಗುರುಗಳೇ. ಇನ್ನು ಯಾರ ಕೈಯೂ ಬೇಡ."

"ಯಾರ ಕೈಯೂ?"

"ನಾನು ದಡದಲ್ಲಿ ಕಾವಲಿರುತ್ತೇನೆ."

ಗುರುಗಳು ಹಗ್ಗವನ್ನು ಸವರಿದರು. "ನಿನ್ನ ಕೆಲಸ ಯಾವಾಗಲೂ ಅಚ್ಚುಕಟ್ಟು," ಎಂದರು.

ಮರುದಿನದಿಂದ ಕೇದಾರನಿಗೆ ಬೆಳಗಿನ ಹೊತ್ತು ಅಡುಗೆಮನೆಯ ಕೆಲಸ ಬಿತ್ತು. ಗುರುಗಳು ಮೊದಲು ಅಳುಕುತ್ತ, ಬರಬರುತ್ತ ಸಲೀಸಾಗಿ ಹಗ್ಗ ಹಿಡಿದು ಬಂಡೆಗೆ ಹೋಗಿಬರತೊಡಗಿದರು.

ಒಂದು ದಿನ ಮೇಲ್ಗಡೆ ಎಲ್ಲೋ ಮಳೆಯಾಗಿ ಹೊಳೆ ಏರಿ ಇಳಿಯಿತು. ಮರುದಿನ ಬೆಳಿಗ್ಗೆ ನೀರು ಎಂದಿನಂತೆಯೇ ಕಂಡಿತು. ಗುರುಗಳು ಹಗ್ಗ ಹಿಡಿದು ಸರಸರನೆ ನಡೆದರು. ನಡುದಾರಿಯಲ್ಲಿ ಮರಳು ಕೊಚ್ಚಿಹೋಗಿ ಗುಂಡಿ ಬಿದ್ದಿತ್ತು. ಕಾಲು ಕುಸಿದು ಹಗ್ಗ ಕೈಜಾರಿತು, ನೀರು ಅವರ ತಲೆಯ ಮೇಲೆ ಮುಚ್ಚಿಕೊಂಡಿತು.

ಸದ್ದು ಕೇಳಿ ಶಂಭುಲಿಂಗ ತಿರುಗಿದ. ಹಾರಿದ. ಮುಳುಗಿ ಹುಡುಕಿ, ಜುಟ್ಟು ಹಿಡಿದು ಎಳೆದು ದಡಕ್ಕೆ ತಂದ.

ಗುರುಗಳು ನೀರು ಕಕ್ಕಿದರು. ಬಹಳ ಹೊತ್ತು ಕೆಮ್ಮಿದರು.

"ಹಗ್ಗ ಕಡಿಯಲಿಲ್ಲ, ಗುರುಗಳೇ," ಎಂದ ಶಂಭುಲಿಂಗ.

"ಇಲ್ಲಪ್ಪಾ. ಗಟ್ಟಿಯಾಗಿಯೇ ಇತ್ತು. ನೆಟ್ಟಗೆ ಗುಂಡಿಗೆ ಕರೆದುಕೊಂಡು ಹೋಯಿತು."

ಶಂಭುಲಿಂಗ ಅಳತೊಡಗಿದ.

"ನಾನು ಕಾಲು ಇಟ್ಟಾಗ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ. ದಡ ಬಿಟ್ಟು ಕದಲಿಲ್ಲ."

"ಏನು ನೋಡುತ್ತಿದ್ದೆ?"



"ಅಡುಗೆಮನೆಯ ಬಾಗಿಲು," ಎಂದ ಶಂಭುಲಿಂಗ. "ಕೇದಾರ ಎಲ್ಲಿ ಬಂದುಬಿಡುತ್ತಾನೋ ಎಂದು. ದಿನವೂ ಅದನ್ನೇ ನೋಡುತ್ತಿದ್ದೆ."

ಗುರುಗಳು ಒದ್ದೆ ಕೈಯನ್ನು ಅವನ ಭುಜದ ಮೇಲಿಟ್ಟರು.

"ಹಾಗಾದರೆ ಕಾವಲು ಚೆನ್ನಾಗಿಯೇ ಇತ್ತು, ಶಂಭು. ಹೊಳೆಯ ಕಡೆಗೆ ಯಾರೂ ಇರಲಿಲ್ಲ, ಅಷ್ಟೆ."