ಮೊಡವೆ ಎದ್ದ ಮುಖ

"ಗುರುಗಳೇ, ಮನಸ್ಸು ಕೆಟ್ಟವರ ಮುಖದಲ್ಲೇ ಮೊಡವೆ ಏಳುತ್ತದೆ ಎನ್ನುತ್ತಾರೆ. ನಿಜವೇ?" ಎಂದು ಶಿಷ್ಯ ಕೇಳಿದ. ಮಠದ ಭಜನೆಗೆ ಹಾಡುವವರನ್ನು ಆರಿಸುವುದು ಅವನ ಕೆಲಸವಾಗಿತ್ತು.

ಗುರುಗಳು ಕತೆಯೊಂದನ್ನು ಹೇಳಿದರು.

ಒಬ್ಬ ನೇಕಾರನಿಗೆ ಚಂಪವ್ವ ಎಂಬ ಮಗಳಿದ್ದಳು. ಊರ ಗುಡಿಯ ಸಭೆಯಲ್ಲಿ ಹಾಡುತ್ತಿದ್ದಳು. ಪ್ರಾಯ ಬಂದಾಗ ಮುಖದ ತುಂಬ ಮೊಡವೆ ಎದ್ದವು. ಸಭೆಯ ಹಿರಿಯ ನೋಡಿ, "ಇವಳ ಮನಸ್ಸು ಎಲ್ಲೋ ಹರಿದಿದೆ. ಮುಖ ತಿಳಿಯಾಗುವವರೆಗೆ ಇಲ್ಲಿ ಹಾಡಕೂಡದು" ಎಂದ.

ತಂದೆ ತಲೆ ತಗ್ಗಿಸಿದ. ಮಗಳಿಂದ ಉಪವಾಸ ಮಾಡಿಸಿದ. ನಿಂಬೆರಸಕ್ಕೆ ಉಪ್ಪು ಬೆರೆಸಿ ಮುಖಕ್ಕೆ ಉಜ್ಜಿಸಿದ. ಚರ್ಮ ಉರಿದು ಕೆಂಪಾಯಿತು. ಅವಳು ಕನ್ನಡಿಯ ಮುಂದೆ ಕೂತು ಒಂದೊಂದನ್ನೇ ಹಿಸುಕಿದಳು. ಕೀವಾಯಿತು, ಕಲೆ ಉಳಿಯಿತು. ಮೊಡವೆ ಹೋಗಲಿಲ್ಲ. ಕೊನೆಗೆ ಅವಳಿಗೇ ತನ್ನ ಮನಸ್ಸಿನ ಮೇಲೆ ಅನುಮಾನ ಬಂತು.

ತಾಯಿಗೆ ಇದನ್ನು ನೋಡಲಾಗಲಿಲ್ಲ. ಪಕ್ಕದ ಊರಿನ ವೈದ್ಯೆಯ ಬಳಿಗೆ ಮಗಳನ್ನು ಕರೆದೊಯ್ದಳು.

ವೈದ್ಯೆ ಹೇಳಿದಳು: "ಈ ವಯಸ್ಸಿನಲ್ಲಿ ಚರ್ಮದಲ್ಲಿ ಎಣ್ಣೆ ಹೆಚ್ಚುತ್ತದೆ. ರೋಮದ ಬುಡ ಕಟ್ಟಿಕೊಂಡು ಊದುತ್ತದೆ. ಇದಕ್ಕೂ ನಡತೆಗೂ ಸಂಬಂಧವಿಲ್ಲ ತಾಯೀ. ಉಜ್ಜಬೇಡ, ಹಿಸುಕಬೇಡ. ಮೆಲ್ಲಗೆ ತೊಳೆದು ಈ ಮುಲಾಮು ಹಚ್ಚು. ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅವಸರಪಡಬೇಡ."

"ಅಲ್ಲಿಯವರೆಗೆ ಹಾಡಬಹುದೇ?" ಎಂದು ಚಂಪವ್ವ ಕೇಳಿದಳು.

"ಹಾಡುವುದು ಗಂಟಲಲ್ಲವೇ?"

ಚಂಪವ್ವ ಮನೆಗೆ ಬಂದವಳೇ ಜಗಲಿಯ ಮೇಲೆ ಕೂತು ಹಾಡತೊಡಗಿದಳು. ಮುಖಕ್ಕೆ ಸೆರಗು ಎಳೆದುಕೊಳ್ಳಲಿಲ್ಲ. ತಂದೆ ಒಳಗೆ ಬಾ ಎಂದು ಗದರಿದ. ಅವಳು ಏಳಲಿಲ್ಲ. ತಾಯಿ ಬಂದು ಪಕ್ಕದಲ್ಲಿ ಕೂತು ತಾಳ ಹಾಕಿದಳು. ಬೀದಿಯಲ್ಲಿ ಕೆಲವರು ನಕ್ಕು ಹೋದರು, ಕೆಲವರು ನಿಂತು ಕೇಳಿದರು. ನಿಲ್ಲುವವರು ದಿನೇ ದಿನೇ ಹೆಚ್ಚಾದರು.

ಮುಲಾಮು ತನ್ನ ಕೆಲಸವನ್ನು ನಿಧಾನವಾಗಿ ಮಾಡಿತು. ಮೊಡವೆ ಇಳಿದವು. ಹಿಸುಕಿದ ಕಲೆಗಳು ಅಲ್ಲಲ್ಲಿ ಉಳಿದವು. ಆಗ ಹಿರಿಯನೇ ಮನೆ ಬಾಗಿಲಿಗೆ ಬಂದ.

"ನೋಡಿದೆಯಾ ಮಗಳೇ, ಮನಸ್ಸು ತಿಳಿಯಾಯಿತು, ಮುಖವೂ ತಿಳಿಯಾಯಿತು. ಇನ್ನು ಸಭೆಗೆ ಬಾ."

"ಮೊಡವೆಯಿದ್ದಾಗಲೂ ನನ್ನ ಮನಸ್ಸು ಹೀಗೇ ಇತ್ತು. ಈ ಮಾತನ್ನು ಸಭೆಯಲ್ಲಿ ನಿಂತು ಎಲ್ಲರೆದುರು ಹೇಳಿ. ಬರುತ್ತೇನೆ."

"ಹಿರಿಯರಿಗೆ ಷರತ್ತು ಹಾಕುತ್ತೀಯಾ?"

"ಹೌದು."

ತಂದೆ ಎದ್ದು ಮಗಳ ಪಕ್ಕಕ್ಕೆ ಬಂದು ನಿಂತ. ಹಿರಿಯ ಹೊರಟುಹೋದ. ಆ ಮಾತನ್ನು ಅವನು ಹೇಳಲಿಲ್ಲ. ಅವಳು ಹೋಗಲಿಲ್ಲ. ಸಭೆಯಲ್ಲಿ ಕೇಳುವವರು ಕಡಿಮೆಯಾದರು. ನೇಕಾರನ ಬೀದಿಯಲ್ಲಿ ಕೂರಲು ಜಾಗ ಸಾಲದಾಯಿತು.

ಶಿಷ್ಯನ ಮುಖ ಅರಳಿತು. "ಒಳ್ಳೆಯ ಕತೆ ಗುರುಗಳೇ" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಈಗ ಹೇಳು, ಇವತ್ತು ಯಾರನ್ನು ಭಜನೆಯಿಂದ ಎಬ್ಬಿಸಿ ಕಳುಹಿಸಿ ಬಂದೆ?"