ಪೆಟ್ಟಿಗೆಗೆ ಒಂದು ಹಾಳೆ

ಇದು ನಡೆದದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟನೆಯ ಇಸವಿಯ ಆಗಸ್ಟ್ ತಿಂಗಳ ಎರಡನೆಯ ಬುಧವಾರ, ಮಧ್ಯಾಹ್ನದ ಪಾಠದ ವೇಳೆಯಲ್ಲಿ.

ದಾದಿಯರ ತರಬೇತಿ ಶಾಲೆಯ ವಿದ್ಯಾರ್ಥಿನಿ ಹುಲಿಗೆಮ್ಮ ಎದ್ದು ನಿಂತು ತನ್ನ ಗುರು ಸಿಸ್ಟರ್ ಬೆನಡಿಕ್ಟಾ ಅವರನ್ನು ಕೇಳಿದಳು:

“ಸಿಸ್ಟರ್, ನಮ್ಮ ತರಗತಿಗೆ ಇರುವುದು ಒಂದೇ ಔಷಧಗಳ ಪುಸ್ತಕ. ಅದರ ಜವಾಬ್ದಾರಿ ನನ್ನದು. ಇವರೆಲ್ಲ ಗಾಯಕ್ಕೆ ಹಚ್ಚುವ ನೇರಳೆ ಔಷಧ ಮೆತ್ತಿದ ಬೆರಳಿನಲ್ಲೇ ವಾರ್ಡಿನಿಂದ ಬಂದು ಪುಟ ತಿರುವುತ್ತಾರೆ. ಆಗಲೇ ಏಳು ಪುಟಗಳಿಗೆ ಕಲೆಯಾಗಿದೆ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಲೇ?”

“ಹಾಗೇ ಎರಡು ಊದುಬತ್ತಿಯನ್ನೂ ಹಚ್ಚಿಬಿಡೇ, ಹುಲಿಗಿ,” ಎಂದಳು ಹಿಂದಿನ ಬೆಂಚಿನ ಜೈಬುನ್ನೀಸಾ. ಒಬ್ಬಿಬ್ಬರು ನಕ್ಕರು.

ಸಿಸ್ಟರ್ ಬೆನಡಿಕ್ಟಾ ನಗಲಿಲ್ಲ. ಕುಳಿತುಕೊಳ್ಳುವಂತೆ ಕೈ ತೋರಿಸಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ದಾದಿ ಇದ್ದಳು. ಅಲ್ಲಿಯ ಆಸ್ಪತ್ರೆಗೆ ಎರಡು ಕೋಣೆ, ನಾಲ್ಕು ಮಂಚ. ವೈದ್ಯರು ಮಂಗಳವಾರ ಬಂದು ಹೋಗುವರು. ಉಳಿದ ಆರು ದಿನ ಆಸ್ಪತ್ರೆ ಎಂದರೆ ಅವಳೇ. ಹತ್ತೊಂಬತ್ತು ವರ್ಷಗಳಲ್ಲಿ ಆ ಊರಿನ ಮಕ್ಕಳಲ್ಲಿ ಹೆಚ್ಚಿನವರು ಅವಳ ಕೈಗೇ ಹುಟ್ಟಿದ್ದರು. ಅವಳ ಕೈಗುಣ ಒಳ್ಳೆಯದು ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವಳೂ ಅದನ್ನು ನಂಬಿದ್ದಳು.

ಒಬ್ಬ ಕುಂಬಾರನ ಹೆಂಡತಿ ಹೆತ್ತ ಮೂರನೆಯ ದಿನ ಜ್ವರ ಹಿಡಿದು ಮಲಗಿದಳು. ವೈದ್ಯರು ಬಂದು ನೋಡಿ, ಹೊಸ ಔಷಧಕ್ಕೆ ಹೇಳಿಕಳಿಸಿರುವುದಾಗಿಯೂ ಅದು ಬಂದ ಕೂಡಲೇ ದಿನಕ್ಕೆ ಎರಡು ಸಲ ಕೊಡಬೇಕೆಂದೂ ಬರೆದಿಟ್ಟು ಹೋದರು. ಎಷ್ಟು ಸಲ ಎಂದು ಬರೆದರು. ಹೇಗೆ ಎಂದು ಬರೆಯಲಿಲ್ಲ.

ಗುರುವಾರ ಬೆಳಿಗ್ಗೆ ಔಷಧ ಬಂತು. ತಂದವನು ತಾಲ್ಲೂಕಿನ ಔಷಧ ಉಗ್ರಾಣದ ಮುದಿ ಜವಾನ. ಅವನು ಚೀಲದಿಂದ ನಾಲ್ಕು ಸೀಸೆಗಳನ್ನು ತೆಗೆದು ಮೇಜಿನ ಮೇಲಿಟ್ಟ. ದಾದಿ ಒಂದನ್ನು ಬೆಳಕಿಗೆ ಹಿಡಿದು ಓದಿದಳು. ಹೆಸರಿತ್ತು, ತೂಕವಿತ್ತು. ಅದರ ಕೆಳಗೆ, ವೈದ್ಯರ ಸೂಚನೆಯಂತೆ ಬಳಸುವುದು ಎಂದಿತ್ತು.

“ಇದರ ಜೊತೆಗೆ ಕಾಗದ ಏನಾದರೂ ಇತ್ತೇನಪ್ಪ?”

“ನೀವು ಕೇಳಿದ್ದು ಔಷಧ, ನಾನು ತಂದದ್ದು ಔಷಧ. ಕಾಗದವನ್ನು ಅರೆದು ಕುಡಿಸುತ್ತೀರೇನಮ್ಮ?” ಎಂದು ಅವನು ಸೈಕಲ್ ಹತ್ತಿದ.

ಸೀಸೆ, ಇಂಥ ಜ್ವರಕ್ಕೆ ಅವಳು ಈವರೆಗೆ ಕೊಡುತ್ತಿದ್ದ ಹಳೆಯ ಔಷಧದ ಸೀಸೆಯಷ್ಟೇ ಇತ್ತು. ಮುಚ್ಚಳವೂ ಅಂಥದ್ದೇ. ಹಳೆಯದನ್ನು ದಾದಿ ಸೂಜಿಯಿಂದ ನರಕ್ಕೆ ಒಂದೇ ಸಲಕ್ಕೆ ಕೊಡುತ್ತಿದ್ದಳು. ಮುಂದಿನ ಮಂಗಳವಾರಕ್ಕೆ ಐದು ದಿನವಿತ್ತು. ಜ್ವರ ಐದು ದಿನ ಕಾಯುವಂತಿರಲಿಲ್ಲ. ಕುಂಬಾರನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳು ಹೊಸದನ್ನೂ ಹಳೆಯದರಂತೆಯೇ ಕೊಟ್ಟಳು.

“ಎದೆ ಹಿಡಿದುಕೊಂಡಿತಲ್ಲ, ಅಕ್ಕ,” ಎಂದಳು ಬಾಣಂತಿ. ಸೂಜಿಯನ್ನು ತಟ್ಟೆಯಲ್ಲಿ ಇಡುವಷ್ಟರಲ್ಲಿ ಅವಳ ಉಸಿರು ನಿಂತಿತು.

ಕುಂಬಾರನು ಯಾರನ್ನೂ ದೂರಲಿಲ್ಲ. “ಅವಳ ಆಯುಸ್ಸು ಇದ್ದದ್ದೇ ಇಷ್ಟು, ತಾಯಿ. ನಿಮ್ಮ ಕೈಗುಣವನ್ನೂ ಮೀರಿತು,” ಎಂದ.

ಆ ಮಾತನ್ನು ಹೊತ್ತುಕೊಂಡು ಬದುಕುವುದು ದಾದಿಗೆ ಆಗಲಿಲ್ಲ. ಆಯುಸ್ಸೇ, ತನ್ನ ಕೈಯೇ, ಅವಳಿಗೆ ಅದೊಂದು ತಿಳಿಯಬೇಕಿತ್ತು. ಮರುದಿನ ಬರಿದಾದ ಸೀಸೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹನ್ನೊಂದು ಮೈಲಿ ನಡೆದು ಉಗ್ರಾಣಕ್ಕೆ ಹೋದಳು.

ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದವನು ಪ್ರಾಮಾಣಿಕ. ಅವನ ಕಾಲದಲ್ಲಿ ಒಂದು ಎಳೆ ಹತ್ತಿಯೂ ಪೋಲಾದದ್ದಿಲ್ಲ. ಅವಳು ಸೀಸೆಯನ್ನು ತೋರಿಸಿದೊಡನೆ ಬೀರು ತೆರೆದು ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ತೆಗೆದ. ಅದರೊಳಗೆ ಔಷಧದ ಪೆಟ್ಟಿಗೆಗಳಲ್ಲಿ ಬಂದ ಹಾಳೆಗಳೆಲ್ಲ ಬಂದ ಕ್ರಮದಲ್ಲೇ ಇದ್ದವು. ಹುಳು ಹಿಡಿಯದಿರಲೆಂದು ನಡುನಡುವೆ ಬೇವಿನ ಎಲೆ ಇಟ್ಟಿದ್ದ.

“ಪೆಟ್ಟಿಗೆಗೆ ಬರುವುದು ಒಂದೇ ಹಾಳೆ. ಸೀಸೆಗಳು ಹೋಗಬೇಕಾದದ್ದು ಹದಿಮೂರು ಊರಿಗೆ. ಹಾಳೆಯನ್ನು ಹದಿಮೂರು ಚೂರು ಮಾಡಲೇ, ಹೇಳಿ? ಅದಕ್ಕೇ ನಾನೇ ಕಾಪಾಡಿ ಇಟ್ಟಿದ್ದೇನೆ. ಒಂದೂ ಕಳೆದಿಲ್ಲ. ಓದಿಕೊಳ್ಳಿ, ಮುಟ್ಟಬೇಡಿ, ನಿಮ್ಮ ಕೈ ಬೆವರಿದೆ.”

ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ಓದಿದಳು. ಇಂಗ್ಲಿಷಿನಲ್ಲಿತ್ತು. ಅಷ್ಟು ಇಂಗ್ಲಿಷು ಅವಳಿಗೆ ಬರುತ್ತಿತ್ತು. ನಾಲ್ಕನೆಯ ಸಾಲಿನಲ್ಲಿ ಹೀಗಿತ್ತು: ಈ ಔಷಧವನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹನಿಹನಿಯಾಗಿ ಕೊಡತಕ್ಕದ್ದು. ಒಮ್ಮೆಲೇ ಕೊಟ್ಟರೆ ಹೃದಯ ನಿಲ್ಲಬಹುದು.

“ಇದನ್ನು ಓದಲು ಈ ಮೊದಲು ಯಾರಾದರೂ ಬಂದಿದ್ದರೇ?” ಎಂದು ಕೇಳಿದಳು.

“ಯಾರೂ ಇಲ್ಲ. ನೀವೇ ಮೊದಲು,” ಎಂದು ಅವನು ಹಾಳೆಯನ್ನು ಅದರ ಮಡಿಕೆಯಲ್ಲೇ ಮಡಚಿ ಕಟ್ಟಿನೊಳಗೆ ಸೇರಿಸಿದ.

ಹಿಂದಿರುಗುವ ಹನ್ನೊಂದು ಮೈಲಿಯೂ ಅವಳು ಆ ನಾಲ್ಕನೆಯ ಸಾಲನ್ನು ಮಗ್ಗಿ ಒಪ್ಪಿಸುವ ಮಗುವಿನಂತೆ ಬಾಯಲ್ಲಿ ಹೇಳಿಕೊಳ್ಳುತ್ತ ನಡೆದಳು. ಮನೆಗೆ ಹೋಗಲಿಲ್ಲ. ನೇರವಾಗಿ ಕುಂಬಾರನ ಮನೆಗೆ ಹೋದಳು. ಸೂತಕದ ಮನೆ, ಮಡಕೆ ಮಾಡುವ ತಿಗರಿ ನಿಂತಿತ್ತು. ಅವನು ಕೂಸಿಗೆ ಬತ್ತಿಯಿಂದ ಹಾಲು ಹನಿಸುತ್ತಿದ್ದ. ಅವಳು ಅವನ ಎದುರಿಗೆ ನಿಂತು ನಾಲ್ಕನೆಯ ಸಾಲನ್ನು ಒಪ್ಪಿಸಿದಳು. ಏನನ್ನೂ ಮುಚ್ಚಿಡಲಿಲ್ಲ.

ಕುಂಬಾರನು ಬತ್ತಿಯನ್ನು ಹಾಲಿನ ಬಟ್ಟಲಿನಲ್ಲಿ ಇಟ್ಟ. ಆಮೇಲೆ ಒಂದನ್ನೇ ಕೇಳಿದ.

“ಆ ಹಾಳೆ ಎಷ್ಟು ದೊಡ್ಡದು?”

ಅವಳು ಬಲಗೈಯನ್ನು ಅಗಲಿಸಿ ತೋರಿಸಿದಳು. ಅವನು ಆ ಅಂಗೈಯನ್ನು ನೋಡಿದ. ಕೂಸನ್ನು ಎತ್ತಿಕೊಂಡು ಒಳಗೆ ಹೋದ.

ಅಂದಿನಿಂದ ಆ ಊರಿನಲ್ಲಿ ಅವಳ ಕೈಗುಣದ ಮಾತನ್ನು ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಕತೆ ಮುಗಿಯಿತು. ಹುಲಿಗೆಮ್ಮ ಮತ್ತೆ ಎದ್ದು ನಿಂತಳು. “ಉಗ್ರಾಣದವನದು ತಪ್ಪೇ, ಸಿಸ್ಟರ್? ಅವನು ಅದನ್ನು ಅಷ್ಟು ಜೋಪಾನವಾಗಿ ಕಾಪಾಡಿದ್ದನಲ್ಲ?”

“ಕಾಪಾಡಿದ್ದ, ಮಗು, ಆ ಹಾಳೆಯ ಮೇಲೆ ಇಂದಿಗೂ ಒಂದು ಕಲೆಯಿಲ್ಲ,” ಎಂದರು ಸಿಸ್ಟರ್ ಬೆನಡಿಕ್ಟಾ.

ಹುಲಿಗೆಮ್ಮ ಔಷಧಗಳ ಪುಸ್ತಕವನ್ನು ಹಿಂದಿನ ಬೆಂಚಿಗೆ ಒಯ್ದು ತೆರೆದಿಟ್ಟಳು.

ಅಂದು ಆ ಕೋಣೆಯಲ್ಲಿದ್ದವರು: ಸಿಸ್ಟರ್ ಬೆನಡಿಕ್ಟಾ, ಎಸ್ತೇರಮ್ಮ ಸೊಲೊಮನ್, ಗುರುಬಸವ್ವ ಹಡಪದ, ಜೈಬುನ್ನೀಸಾ ನದಾಫ, ಲೂರ್ದಮ್ಮ, ಹುಲಿಗೆಮ್ಮ ತಳವಾರ.