ಮುಳ್ಳುಕುಂಟೆಯ ಸಮಾಧಿಗಳು

"ಮುಳ್ಳುಕುಂಟೆಯ ಜನರೇ, ಕೇಳಿ! ಊರಾಚೆಯ ಹಳೇ ಸಮಾಧಿಗಳನ್ನು ಅಗೆದು ಅಲ್ಲಿ ಕುದುರೆಲಾಯ ಕಟ್ಟಬೇಕೆಂದು ದೊರೆ ಸರ್ಜಪ್ಪ ನಾಯಕರ ಅಪ್ಪಣೆಯಾಗಿದೆ. ಅಲ್ಲಿ ಮಲಗಿರುವವರು ಕಾಡು ಕಡಿದು ಈ ಊರು ಕಟ್ಟಿದ ಹಿರಿಯರೆಂದು ನೀವು ತಕರಾರು ತೆಗೆದಿದ್ದೀರಿ. ಅವರನ್ನು ಬಲ್ಲವರು ಕೋಟೆಗೆ ಬನ್ನಿ. ದೊರೆ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಆ ನೆಲ, ಜೊತೆಗೆ ಬೇಡಿದ್ದೊಂದು. ಒಂದು ತಪ್ಪಿದರೂ ತಲೆ ಉಳಿಯದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ನೆಲ ಅರಮನೆಯದು!"

ಡಂಗುರದವನು ಮುಂದಿನ ಬೀದಿಗೆ ಹೋದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಗಿಲು ಹಾಕಿಕೊಂಡರು. ಊರು ಕಟ್ಟಿದವರ ಬಾಳನ್ನು ಬರೆದಿಟ್ಟಿದ್ದ ತಾಮ್ರಪಟವನ್ನು ನಾಯಕನ ತಾತ ಊರನ್ನು ಗೆದ್ದಾಗಲೇ ಕಿತ್ತುಕೊಂಡು ಹೋಗಿದ್ದ. ಅದನ್ನು ಓದಿಸಿಕೊಂಡೇ ನಾಯಕ ಒಗಟು ಹೆಣೆದಿದ್ದ. ಊರವರಿಗೆ ಉಳಿದಿದ್ದು ಅಕ್ಷರ ಸವೆದ ಕಲ್ಲುಗಳು ಮಾತ್ರ.

ಮೊದಲು ಹೋದವನು ಗರಡಿಯ ಚೌಡಣ್ಣ. ಚಾವಡಿಯ ಬಾಗಿಲು ಮುಚ್ಚಿಸಿ ನಾಯಕ ಕೇಳಿದ: "ಒಂದೇ ಗುಂಡಿಯಲ್ಲಿ ಇಬ್ಬರಿದ್ದಾರೆ. ಒಬ್ಬರಿಗೆ ಹೆಸರಿದೆ, ಇನ್ನೊಬ್ಬರಿಗಿಲ್ಲ. ಹೆಸರಿಲ್ಲದವರು ಬೆಳಕನ್ನೇ ಕಾಣಲಿಲ್ಲ. ಯಾರವರು?"

"ಬೆಳಕು ಕಾಣದವನು ಹುಟ್ಟುಗುರುಡ. ಜೊತೆಗಿರುವವನು ಅವನ ಕೈಹಿಡಿದು ನಡೆಸಿದವನು," ಎಂದ ಚೌಡಣ್ಣ. ಸಂಜೆಯ ಹೊತ್ತಿಗೆ ಅವನ ಹೆಣ ಕೋಟೆಯಿಂದ ಹೊರಗೆ ಬಂತು.

ಆಮೇಲೆ ಹೋದವನು ಜೋಯಿಸ ಅಪ್ರಮೇಯ. ಅವನು ಮೊದಲನೆಯದನ್ನು ಬಿಡಿಸಿದ. ನಾಯಕ ಎರಡನೆಯದನ್ನು ಮುಂದಿಟ್ಟ: "ಒಬ್ಬನಿಗೆ ಎರಡು ಸಮಾಧಿ. ನಡುವೆ ಮೂವತ್ತು ವರ್ಷ. ಮೊದಲ ಸಲ ಹೂಳುವಾಗ ಅವನೇ ಮಣ್ಣು ಹಾಕಿದ."

"ಅವನು ಸನ್ಯಾಸಿ. ದೀಕ್ಷೆಯ ದಿನ ತನ್ನ ಕರ್ಮ ತಾನೇ ಮಾಡಿಕೊಂಡಿರುತ್ತಾನೆ," ಎಂದ ಜೋಯಿಸ ನಗುತ್ತಾ. ಆ ನಗು ಇನ್ನೂ ಆರುವ ಮೊದಲೇ ಅವನನ್ನು ಎಳೆದುಕೊಂಡು ಹೋದರು.

ಮತ್ತೆ ಯಾರೂ ಕೋಟೆಯ ಕಡೆ ಹೆಜ್ಜೆ ಹಾಕಲಿಲ್ಲ.

ಚೌಡಣ್ಣನಿಗೆ ಗುಂಡಿ ತೋಡಿದವನು, ಜೋಯಿಸನಿಗೆ ಸೌದೆ ಒಟ್ಟಿದವನು ಕಾಟಯ್ಯ. ಸಮಾಧಿಗಳ ಅಂಚಿನ ಗುಡಿಸಲಲ್ಲಿ ಅಜ್ಜಿ ಮಾರವ್ವನ ಜೊತೆ ಇದ್ದ. ಅವರ ಮನೆತನ ತಲೆತಲಾಂತರದಿಂದ ಮಾಡುತ್ತಿದ್ದುದು ಅದೇ ಕೆಲಸ. ಒಂದು ದಿನ ದಳವಾಯಿ ಬಂದು, "ಹುಣ್ಣಿಮೆ ಕಳೆದ ಕೂಡಲೆ ಹಳೇ ಎಲುಬನ್ನೆಲ್ಲ ಅಗೆದು ಹಳ್ಳಕ್ಕೆ ಎಸೀಬೇಕು. ನೀನೇ ಎಸೀಬೇಕು," ಎಂದು ಹೇಳಿ ಹೋದ.

ಮಾರವ್ವ ಊಟದ ತಟ್ಟೆ ಸರಿಸಿದಳು. "ಅವರ ಎಲುಬಿಗೆ ಗುದ್ದಲಿ ಹಾಕೋ ಕೈಯಲ್ಲಿ ನನಗೆ ಅನ್ನ ಇಡಬೇಡ."

"ಹಾಗಾದ್ರೆ ಏನು ಮಾಡ್ಲಿ ಅಜ್ಜಿ?"

"ವರ್ಷಾ ವರ್ಷಾ ಎಡೆ ಇಡುವಾಗ ಒಬ್ಬೊಬ್ಬರ ಕತೆ ಹೇಳಿಲ್ವ ನಿಂಗೆ? ಹೋಗಿ ಹೇಳು."

ಕಾಟಯ್ಯ ಹೊರಟ. ಜನ ದೂರದಿಂದ ಅವನ ಹಿಂದೆ ಬಂದು ಚಾವಡಿಯ ಬಾಗಿಲಾಚೆ ನಿಂತರು.

"ಗುಂಡಿ ತೋಡುವವನಾ?" ನಾಯಕ ನಕ್ಕ. "ನಿನ್ನದನ್ನು ಯಾರು ತೋಡುತ್ತಾರೋ?" ಎಂದು ಮೊದಲ ಒಗಟು ಹೇಳಿದ.

"ಅವಳು ಸಣ್ಣೀರವ್ವ, ಬುದ್ಧಿ. ಬಸುರಿ," ಎಂದ ಕಾಟಯ್ಯ. "ಏಳು ತಿಂಗಳ ಹೊಟ್ಟೆ ಹೊತ್ತು ನಡೆದು ಬಂದವಳು ಇಲ್ಲಿ ನೀರು ಕಂಡ ದಿನವೇ ತೀರಿಕೊಂಡಳು. ಅವಳನ್ನು ಬಿಟ್ಟು ಮುಂದೆ ಹೋಗೋಕೆ ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಊರು ಇಲ್ಲೇ ಆಯ್ತು. ನಮ್ಮಜ್ಜಿ ಅಲ್ಲಿ ಎರಡು ಎಡೆ ಇಡ್ತಾಳೆ."

ತಾಮ್ರಪಟ ಹಿಡಿದಿದ್ದ ಶಾನುಭೋಗ ತಲೆಯಾಡಿಸಿದ. ನಾಯಕ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಕೇಳಿದ.

"ಬಾವಿ ತೋಡಿದ ಕೆಂಚಪ್ಪ. ಬಂಡೆ ಉರುಳಿ ಕಾಲು ಜಜ್ಜಿಹೋಯ್ತು. ಕೊಳೆಯೋಕೆ ಶುರುವಾದಾಗ ಮೊಣಕಾಲಿಗೇ ಕತ್ತರಿಸಿದರು. ಆ ಕಾಲನ್ನು ಹೂಳುವಾಗ ಅವನನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದರು. ಅವನೇ ಹಿಡಿ ಮಣ್ಣು ಹಾಕಿದ. ಮೂವತ್ತು ವರ್ಷ ಒಂಟಿಗಾಲಲ್ಲಿ ಬಾಳಿದ. ಸತ್ತ ಮೇಲೆ ಮಿಕ್ಕ ದೇಹ ಪಕ್ಕದಲ್ಲೇ ಮಲಗಿತು."

ಶಾನುಭೋಗ ಮತ್ತೆ ತಲೆಯಾಡಿಸಿದ. ನಾಯಕ ಕತ್ತಿಯನ್ನು ಒರೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಊರಿಗೆ ಊರೇ ಎದೆ ಬಡಿದುಕೊಂಡು ಅತ್ತು ಹೂತ ಸಮಾಧಿಯಲ್ಲಿ ಹೆಣವೇ ಇಲ್ಲ. ಹೂತದ್ದು ಎದ್ದು ಬಂದು ಊರನ್ನು ಸಾಕಿತು. ಅದೇನು? ಯಾರಿಗೆ ಹೆದರಿ ಹೂತರು?"

ಈ ಕತೆಯನ್ನು ಅಜ್ಜಿ ಯಾವಾಗಲೂ ಪಿಸುಗುಟ್ಟಿಯೇ ಹೇಳುತ್ತಿದ್ದಳು. ಉತ್ತರ ಹೇಳದಿದ್ದರೆ ಸೋತಂತೆ. ಹೇಳಿದರೆ ದೊರೆಯ ಮನೆತನವನ್ನು ಅವನೆದುರೇ ಹೀಯಾಳಿಸಿದಂತೆ.

"ಬಾಗಿಲು ತೆಗೆಸಿ ಬುದ್ಧಿ."

"ಅದನ್ನು ಹೇಳೋಕೆ ನೀನ್ಯಾರೋ?"

ಕಾಟಯ್ಯ ಬಾಗಿಲ ಕಡೆ ತಿರುಗಿ, ಹೊರಗಿನವರಿಗೂ ಕೇಳುವಂತೆ ಕೂಗಿದ: "ಅದು ಬಿತ್ತನೆ ರಾಗಿ! ಕೊಳ್ಳೆ ಹೊಡೆಯೋಕೆ ಕುದುರೆ ದಂಡು ಬಂದಾಗ ನಮ್ಮ ಹಿರಿಯರು ಇದ್ದ ಬೀಜವನ್ನೆಲ್ಲ ಗುಡಾಣಕ್ಕೆ ತುಂಬಿ, ಬಿಳಿ ಬಟ್ಟೆ ಸುತ್ತಿ, ಚಟ್ಟದ ಮೇಲೆ ಹೊತ್ತು ಹೂತರು! ದಂಡಿನವರು ಹೆಣ ಅಂದ್ಕೊಂಡು ಮುಟ್ಟಲಿಲ್ಲ. ಅವರು ಹೋದ ಮೇಲೆ ಅದನ್ನೇ ಬಿತ್ತಿ ಬದುಕಿದರು. ಊರನ್ನು ಗೆಲ್ಲೋಕೂ ಎಷ್ಟೋ ವರ್ಷ ಮುಂಚೆ ಬಂದ ಆ ದಂಡಿನ ಮುಂದೆ ಇದ್ದವರು ಈ ನಾಯಕರ ತಾತ!"

ನಾಯಕ ಕತ್ತಿ ಹಿಡಿದು ಎದ್ದ. ಬಾಗಿಲಾಚೆ ಮೊದಲು ಒಬ್ಬ, ಆಮೇಲೆ ಹತ್ತು ಜನ, ಆಮೇಲೆ ಊರೇ ಬಾಗಿಲು ಗುದ್ದತೊಡಗಿತು. "ಸರಿಯೋ ತಪ್ಪೋ ಹೇಳಿ!" ಎಂಬ ಕೂಗು.

ಶಾನುಭೋಗ ಆ ಸಾಲಿನ ಮೇಲೆ ಬೆರಳಿಟ್ಟು, "ಪಟದಲ್ಲಿ ಹಾಗೇ ಇದೆ, ಪ್ರಭು," ಎಂದ.

"ನಿನ್ನನ್ನು ಯಾರು ಕೇಳಿದರು?" ನಾಯಕ ಗದರಿದ. ಆದರೆ ದಳವಾಯಿ ಬಾಗಿಲನ್ನೂ ದೊರೆಯನ್ನೂ ನೋಡಿ, ಕತ್ತಿಗೆ ಕೈ ಹಾಕದೆ ನಿಂತೇ ಇದ್ದ. ಅದನ್ನು ಕಂಡು ನಾಯಕ ಕೂತ. "ನೆಲ ನಿನ್ನದು. ಇನ್ನೇನು ಬೇಕು, ಬೊಗಳು."

"ನನಗೆ ಓದೋಕೆ ಬರಲ್ಲ. ಆ ಪಟವನ್ನು ಸಂತೆಬೀದಿಯಲ್ಲಿ ಓದಿಸಿ."

ನಾಯಕ ತಾಮ್ರಪಟವನ್ನು ಕಸಿದು ಅವನ ಕಾಲ ಬುಡಕ್ಕೆ ಎಸೆದ.

ಅಂದೇ ಶಾನುಭೋಗ ಓದಿದ. ಹತ್ತೊಂಬತ್ತು ಹೆಸರು. ಕೆಂಚಪ್ಪನ ಹೆಸರು ಬಂದಾಗ, ಕಾಟಯ್ಯನನ್ನು ಎಂದೂ ಜಗಲಿ ಹತ್ತಿಸದಿದ್ದ ಊರಗೌಡ ಪೇಟ ತೆಗೆದು, "ಅದು ನಮ್ಮ ಮುತ್ತಾತ," ಎಂದು ಕಾಟಯ್ಯನ ಪಕ್ಕ ಬಂದು ನೆಲದ ಮೇಲೆಯೇ ಕೂತ.

ಮರುದಿನ ಬೆಳಗ್ಗೆ ನಾಯಕ ಬೇಟೆಗೆ ಹೊರಟವನು ಸಮಾಧಿಗಳ ಬಳಿ ಬಂದ. ಕಾಟಯ್ಯ ದಾರಿಯಲ್ಲಿ ನಿಂತಿದ್ದ, ಕೈ ಮುಗಿಯಲಿಲ್ಲ. "ಈ ನೆಲದಲ್ಲಿ ಕುದುರೆ ನಡೆಸಬೇಡಿ," ಎಂದ.

ನಾಯಕ ಹಲ್ಲು ಕಡಿದು ಅವನನ್ನೇ ನೋಡಿದ. ಆಮೇಲೆ ಲಗಾಮು ಜಗ್ಗಿ, ಕಲ್ಲುಗುಡ್ಡ ಬಳಸಿ ಹೋಗುವ ಸುತ್ತುದಾರಿ ಹಿಡಿದ. ಸಾಯುವವರೆಗೂ ಅವನು ಬೇಟೆಗೆ ಹೋದದ್ದು ಆ ದಾರಿಯಲ್ಲೇ.